ಬೆಟ್ಟದ ಹಾದಿಯಲ್ಲಿ ಅಪರೂಪದ ಪ್ರಾಣಿ ಕಂಡರೆ: ಕಣ್ಣಿಗೆ ಬಿದ್ದದ್ದು ದಾಖಲೆಯಾಗುವ ಬಗೆ

2023ರ ಮೇ ತಿಂಗಳಲ್ಲಿ ಅಮೆರಿಕದ ಸಿಯೆರಾ ನೆವಾಡ ಪರ್ವತಗಳಲ್ಲಿ ಮೂರು ಕಡೆ ಜನರಿಗೆ ವುಲ್ವರಿನ್ ಕಾಣಿಸಿತು. ಎರಡು ಸಲ ಇನ್ಯೊ ರಾಷ್ಟ್ರೀಯ ಅರಣ್ಯದಲ್ಲಿ, ಒಂದು ಸಲ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ. ವುಲ್ವರಿನ್ ನೀರುನಾಯಿಯ ಕುಟುಂಬಕ್ಕೆ ಸೇರಿದ ಮಾಂಸಾಹಾರಿ. ದೂರದಿಂದ ಮರಿಕರಡಿಯಂತೆ ಕಾಣುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1920ರ ದಶಕದ ಬಳಿಕ ಖಚಿತವಾಗಿ ದಾಖಲಾದ ವುಲ್ವರಿನ್‌ಗಳಲ್ಲಿ ಇದು ಎರಡನೆಯದು. ಜನರು ತೆಗೆದ ಫೋಟೊ, ವಿಡಿಯೊಗಳನ್ನು ವನ್ಯಜೀವಿ ಇಲಾಖೆಯ ತಜ್ಞರು ಪರಿಶೀಲಿಸಿದರು. ಮೈಯ ಗಾತ್ರ, ಆಕಾರ, ಬಣ್ಣ, ಚಲನೆಯ ರೀತಿ ಎಲ್ಲವನ್ನೂ ನೋಡಿ, ಇದು ವುಲ್ವರಿನ್ ಹೌದು, ಮೂರೂ ಕಡೆ ಕಂಡಿದ್ದು ಬಹುಶಃ ಒಂದೇ ಪ್ರಾಣಿ ಎಂದರು.

ಬೆಟ್ಟ ಹತ್ತುವವರ ಸಂಖ್ಯೆ ಹೆಚ್ಚಿದೆ, ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಹಾಗಾಗಿ ಇಂಥ ಆಕಸ್ಮಿಕ ನೋಟಗಳೂ ಹೆಚ್ಚುತ್ತಿವೆ. ಆದರೆ ಬಹುಪಾಲು ನೋಟಗಳು ದಾಖಲೆಯ ಮಟ್ಟಕ್ಕೆ ಬರುವುದೇ ಇಲ್ಲ. ನೋಡಿದವರು ಸುಳ್ಳು ಹೇಳುತ್ತಾರೆ ಎಂದಲ್ಲ. ಪ್ರಾಣಿ ಎದುರಿಗಿದ್ದಾಗ ಮತ್ತು ಅದು ಮರೆಯಾದ ನಂತರದ ಅರ್ಧ ಗಂಟೆಯಲ್ಲಿ ಮಾಡಬೇಕಾದ ಕೆಲವು ಕೆಲಸಗಳು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಯಾವ ಚಾರಣಿಗರೂ ಮಾಡಬಹುದಾದ ಕೆಲಸಗಳೇ ಅವು.

‘ಅಪರೂಪ’ ಎಂದರೆ ಯಾವ ಅರ್ಥದಲ್ಲಿ?

ಒಂದು ಪ್ರಾಣಿಯನ್ನು ಅಪರೂಪ ಎನ್ನಲು ಮೂರು ಬೇರೆ ಬೇರೆ ಕಾರಣಗಳಿರಬಹುದು. ಅದರ ಸಂಖ್ಯೆಯೇ ಕಡಿಮೆ ಇರಬಹುದು. ಸಂಖ್ಯೆ ತಕ್ಕಮಟ್ಟಿಗೆ ಇದ್ದರೂ ಮನುಷ್ಯರ ಕಣ್ಣಿಗೆ ಬೀಳದೆ ಬದುಕುತ್ತಿರಬಹುದು. ಅಥವಾ ಬೇರೆಡೆ ಸಾಮಾನ್ಯವಾಗಿದ್ದು, ಈ ಬೆಟ್ಟದಲ್ಲಿ ಮಾತ್ರ ಇರಬಾರದ ಪ್ರಾಣಿಯಾಗಿರಬಹುದು. ಪರಿಶೀಲಿಸುವವರು ಈ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಮೂರನೆಯದಕ್ಕೆ ಅತಿ ಗಟ್ಟಿ ಪುರಾವೆ ಕೇಳುತ್ತಾರೆ.

ಹಿಮಚಿರತೆಯಲ್ಲಿ ಮೊದಲ ಎರಡೂ ಕಾರಣಗಳು ಸೇರಿಕೊಂಡಿವೆ. ಮಧ್ಯ ಮತ್ತು ದಕ್ಷಿಣ ಏಷ್ಯಾದ 12 ದೇಶಗಳಲ್ಲಿ ಅದರ ನೆಲೆ ಹರಡಿದೆ. ಭಾರತದಲ್ಲಿ 2019ರಿಂದ 2023ರವರೆಗೆ ನಡೆದ ಮೊದಲ ರಾಷ್ಟ್ರಮಟ್ಟದ ಅಂದಾಜಿನಲ್ಲಿ 718 ಹಿಮಚಿರತೆಗಳಿವೆ ಎಂದು ಲೆಕ್ಕ ಸಿಕ್ಕಿತು. ಅವುಗಳಲ್ಲಿ 477 ಲಡಾಖ್‌ನಲ್ಲಿವೆ. ಈ ಅಂದಾಜಿಗಾಗಿ 1,971 ಜಾಗಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟಿದ್ದರು. ಪ್ರಾಣಿ ಹಾದುಹೋದಾಗ ಅದರ ಮೈಬಿಸಿ ಮತ್ತು ಚಲನೆಯನ್ನು ಗುರುತಿಸಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಅದು. ಇಷ್ಟೆಲ್ಲ ಮಾಡಿದ ಮೇಲೆ ಚಿತ್ರದಲ್ಲಿ ಸಿಕ್ಕ ಬೇರೆ ಬೇರೆ ಹಿಮಚಿರತೆಗಳು 241. ಮಂಗೋಲಿಯಾದಲ್ಲಿ ಹಿಮಚಿರತೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಅಧ್ಯಯನ ಮಾಡಿದಾಗ, ಒಂದು ಗಂಡು ಸರಾಸರಿ 200 ಚದರ ಕಿ.ಮೀ.ಗೂ ಹೆಚ್ಚು, ಒಂದು ಹೆಣ್ಣು ಸುಮಾರು 120 ಚದರ ಕಿ.ಮೀ. ಪ್ರದೇಶದಲ್ಲಿ ಓಡಾಡುತ್ತದೆ ಎಂದು ತಿಳಿಯಿತು. ಚಾರಣದ ದಾರಿ ಅಂಥ ಪ್ರದೇಶದೊಳಗೆ ಒಂದು ಸಣ್ಣ ಗೆರೆ ಮಾತ್ರ. ಪ್ರಾಣಿಯೂ ಮನುಷ್ಯರೂ ಹಗಲು ಹೊತ್ತಿನಲ್ಲಿ, ಒಂದೇ ಕಣಿವೆಯಲ್ಲಿ, ನಡುವೆ ಬಂಡೆ ಅಡ್ಡವಿಲ್ಲದಂತೆ ಎದುರಾಗುವುದು ಎಷ್ಟು ವಿರಳ ಎಂದು ಇದರಿಂದ ಊಹಿಸಬಹುದು.

ವಿಯೆಟ್ನಾಂ ಮತ್ತು ಲಾವೋಸ್ ನಡುವಿನ ಅನ್ನಮೈಟ್ ಬೆಟ್ಟಗಳ ಸಾವೊಲಾ ಇನ್ನೂ ದೂರದ ಮಾತು. ನೀಳ ಕೊಂಬಿನ ಈ ಪ್ರಾಣಿ ವಿಜ್ಞಾನಕ್ಕೆ ಪರಿಚಯವಾದದ್ದೇ 1992ರಲ್ಲಿ, ಅದೂ ಬೇಟೆಗಾರರ ಮನೆಗಳಲ್ಲಿದ್ದ ಕೊಂಬುಗಳಿಂದ. 1999ರಲ್ಲಿ ಮತ್ತು 2013ರಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕಿತು. ಜೀವವಿಜ್ಞಾನಿಗಳು ಕಾಡಿನಲ್ಲಿ ಅದನ್ನು ಕಣ್ಣಾರೆ ಕಂಡದ್ದಿಲ್ಲ.

ಹಾಗಾದರೆ ‘ಈ ಬೆಟ್ಟದಲ್ಲಿ ಆ ಪ್ರಾಣಿ ಇಲ್ಲ’ ಎಂಬ ಮಾತಿಗೆ ಏನರ್ಥ? ಬಲೆ ಬೀಸಿದಾಗ ಮೀನು ಬೀಳಲಿಲ್ಲ ಎಂದ ಮಾತ್ರಕ್ಕೆ ಕೆರೆಯಲ್ಲಿ ಮೀನಿಲ್ಲ ಎಂದಾಗುವುದಿಲ್ಲ. ಎಷ್ಟು ಸಲ ಬೀಸಿದಿರಿ ಎಂಬುದೂ ಮುಖ್ಯ. ಪ್ರಾಣಿ ಅಲ್ಲಿದ್ದೂ ಒಂದು ಕ್ಯಾಮೆರಾಗೆ ಒಂದು ರಾತ್ರಿಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಶೇ 2 ಎಂದುಕೊಳ್ಳಿ. ಆಗ ಒಂದು ಸಲವಾದರೂ ಚಿತ್ರ ಸಿಗುವ ಸಾಧ್ಯತೆ ಅರ್ಧಕ್ಕೆ ತಲುಪಲು 35 ರಾತ್ರಿ ಬೇಕು. ಶೇ 95ಕ್ಕೆ ತಲುಪಲು ಸುಮಾರು 150 ರಾತ್ರಿ. ದುರ್ಗಮ ಬೆಟ್ಟದಲ್ಲಿ ಇಷ್ಟು ದಿನ ಕ್ಯಾಮೆರಾ ಇಟ್ಟು, ಬ್ಯಾಟರಿ ಬದಲಿಸಿ, ಹಿಮದಿಂದ ಕಾಪಾಡುವುದು ದುಬಾರಿ ಕೆಲಸ. ಸಂಶೋಧಕರು ಕಾಲಿಡದ ಕಣಿವೆಗಳಲ್ಲಿ ನಡೆಯುವ ಚಾರಣಿಗರ ಕಣ್ಣಿಗೆ ಬೆಲೆ ಬರುವುದು ಈ ಕಾರಣಕ್ಕೆ.

ಮೊದಲ ಒಂದು ನಿಮಿಷ

ಕ್ಯಾಮೆರಾಗೆ ಕೈ ಹಾಕುವ ಮುಂಚೆ ನಿಂತಲ್ಲೇ ನಿಲ್ಲಿ. ಓಡಬೇಡಿ, ಕೂಗಬೇಡಿ. ಸುತ್ತ ಒಮ್ಮೆ ಕಣ್ಣಾಡಿಸಿ: ಮರಿಗಳಿವೆಯೇ, ಬೇಟೆಯ ಹೆಣ ಬಿದ್ದಿದೆಯೇ, ಪ್ರಾಣಿ ತಪ್ಪಿಸಿಕೊಂಡು ಹೋಗಲು ದಾರಿ ಇದೆಯೇ? ನೀವು ನಿಂತ ಜಾಗವೇ ಅದರ ದಾರಿಯಾಗಿದ್ದರೆ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಬೆಟ್ಟದ ಹಾದಿಯಲ್ಲಿ ಒಂದು ಬದಿ ಗೋಡೆಯಂಥ ಬಂಡೆ, ಇನ್ನೊಂದು ಬದಿ ಪ್ರಪಾತ ಇರುವುದೇ ಹೆಚ್ಚು. ದಾರಿ ಮುಚ್ಚಿಹೋದ ಪ್ರಾಣಿ ನಿಮ್ಮತ್ತ ನುಗ್ಗುವ ಸಂಭವ ಜಾಸ್ತಿ.

ಎಷ್ಟು ದೂರ ಇರಬೇಕು? ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಕರಡಿ, ತೋಳಗಳಿಂದ 91 ಮೀಟರ್, ಉಳಿದ ಪ್ರಾಣಿಗಳಿಂದ 23 ಮೀಟರ್ ಎಂಬ ಲೆಕ್ಕವಿದೆ. ಅಳೆಯಲು ಸುಲಭದ ಉಪಾಯವೂ ಒಂದಿದೆ. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪ್ರಾಣಿಗೆ ಅಡ್ಡ ಹಿಡಿಯಿರಿ. ಬೆರಳಿನ ಹಿಂದೆ ಪ್ರಾಣಿ ಪೂರ್ತಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ. ಅಂಕಿಗಿಂತಲೂ ನಂಬಬೇಕಾದದ್ದು ಪ್ರಾಣಿಯ ನಡವಳಿಕೆಯನ್ನು. ಮೇಯುವುದನ್ನೋ ನಡೆಯುವುದನ್ನೋ ನಿಲ್ಲಿಸಿ ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ, ಕಿವಿ ಹಿಂದಕ್ಕೆ ಮಡಿಸಿದರೆ, ಅದಕ್ಕೆ ನಿಮ್ಮಿಂದ ತೊಂದರೆಯಾಗಿದೆ ಎಂದೇ ಲೆಕ್ಕ. ಎರಡು ಹೆಜ್ಜೆ ಹಿಂದೆ ಸರಿಯಿರಿ.

ಮರಿಗಳ ವಿಷಯದಲ್ಲಿ ತಪ್ಪುವವರೇ ಹೆಚ್ಚು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಬಳಿಯ ಬೆಟ್ಟದ ಹಾದಿಯಲ್ಲಿ ಒಬ್ಬ ಓಟಗಾರ ಪೂಮಾ (ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿ) ಮರಿಗಳನ್ನು ಚಿತ್ರೀಕರಿಸುತ್ತಿದ್ದಾಗ ತಾಯಿ ಎದುರಾಯಿತು. ಸುಮಾರು 6 ನಿಮಿಷ ಅದು ಅವರನ್ನು ಹಿಂಬಾಲಿಸಿತು. ಮತ್ತೆ ಮತ್ತೆ ಮುಂಗಾಲು ಬಡಿದು ಮುನ್ನುಗ್ಗುವಂತೆ ಹೆದರಿಸಿತು. ಅವರು ಬೆನ್ನು ತಿರುಗಿಸದೆ, ಜೋರಾಗಿ ಮಾತನಾಡುತ್ತ ಹಿಂದೆ ಹಿಂದೆ ನಡೆದರು. ಕೊನೆಗೆ ಕಲ್ಲೊಂದನ್ನು ಎತ್ತಿ ಎಸೆದಾಗ ಅದು ತಿರುಗಿ ಓಡಿತು. ತಾಯಿ ಅಲ್ಲಿ ಬೇಟೆಯಾಡುತ್ತಿರಲಿಲ್ಲ, ಮರಿಗಳಿಂದ ಅವರನ್ನು ದೂರ ಅಟ್ಟುತ್ತಿತ್ತು. ಮರಿ ಒಂಟಿಯಾಗಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಎಂದೇ ತಿಳಿಯಬೇಕು. ಅದನ್ನು ‘ಅನಾಥ’ ಎಂದು ಎತ್ತಿಕೊಂಡು ಬರುವುದು ಎಲ್ಲಕ್ಕಿಂತ ಕೆಟ್ಟ ಕೆಲಸ.

ಫೋನಿನ ಚಿತ್ರದಲ್ಲಿ ಪ್ರಾಣಿ ಬರೀ ಚುಕ್ಕೆಯಾಗುವುದೇಕೆ?

ಕಣ್ಣಿಗೆ ಸ್ಪಷ್ಟವಾಗಿ ಕಂಡಿದ್ದು ಫೋನಿನಲ್ಲಿ ಕಂದು ಚುಕ್ಕೆಯಾಗಿ ಬಂದಿರುತ್ತದೆ. ಇದರ ಹಿಂದಿನ ಲೆಕ್ಕ ಸರಳ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಸಾಮಾನ್ಯವಾಗಿ ಅದು ಹಳೆಯ ಫಿಲ್ಮ್ ಕ್ಯಾಮೆರಾದ 26 ಮಿ.ಮೀ. ಲೆನ್ಸಿಗೆ ಸಮ. ಅಂಥ ಲೆನ್ಸಿನಲ್ಲಿ ಚಿತ್ರದ ಅಗಲ, ನೀವು ನೋಡುತ್ತಿರುವ ವಸ್ತು ಇರುವ ದೂರದ ಸುಮಾರು 1.4 ಪಟ್ಟು. ಅಂದರೆ ಪ್ರಾಣಿ 100 ಮೀಟರ್ ದೂರದಲ್ಲಿದ್ದರೆ, ಅಲ್ಲಿನ ಸುಮಾರು 140 ಮೀಟರ್ ಅಗಲದ ಬೆಟ್ಟ ಒಂದೇ ಚಿತ್ರದಲ್ಲಿ ಬರುತ್ತದೆ. ಚಿತ್ರದ ಅಗಲದಲ್ಲಿ 4,000 ಪಿಕ್ಸೆಲ್ ಇದ್ದರೆ ಒಂದೊಂದು ಪಿಕ್ಸೆಲ್‌ಗೆ ಸುಮಾರು ಮೂರೂವರೆ ಸೆಂ.ಮೀ. ಬಿತ್ತು. ಒಂದು ಮೀಟರ್ ಉದ್ದದ ಪ್ರಾಣಿಗೆ ಸಿಗುವುದು 29 ಪಿಕ್ಸೆಲ್. ಕಿವಿಯ ಆಕಾರಕ್ಕೆ ಎರಡೋ ಮೂರೋ. ಇದರಲ್ಲಿ ಲಿಂಕ್ಸ್ ಎಂಬ ಮೋಟು ಬಾಲದ ಕಾಡುಬೆಕ್ಕು ಯಾವುದು, ನರಿ ಯಾವುದು ಎಂದು ಯಾವ ತಜ್ಞರೂ ಹೇಳಲಾರರು.

ಪರಿಹಾರ ಬೆರಳಿನಿಂದ ಪರದೆಯನ್ನು ಹಿಗ್ಗಿಸುವುದರಲ್ಲಿಲ್ಲ. ಫೋನಿನಲ್ಲಿ ಪ್ರತ್ಯೇಕ 3 ಪಟ್ಟು ಲೆನ್ಸ್ ಇದ್ದರೆ ಅದೇ ಪ್ರಾಣಿಗೆ ಸುಮಾರು 87 ಪಿಕ್ಸೆಲ್ ಸಿಗುತ್ತದೆ. 8 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಫೋನಿನ ಮುಖ್ಯ ಲೆನ್ಸನ್ನು ತಾಗಿಸಿ ತೆಗೆದರೆ 230ರ ಆಸುಪಾಸು. ಮೈಮೇಲಿನ ಮಚ್ಚೆ, ಬಾಲದ ದಪ್ಪ, ಮುಖದ ಗುರುತು ಕಾಣಿಸತೊಡಗುವುದು ಇಲ್ಲಿಂದ. ಇದಕ್ಕೆ ಕೈಪಳಗಬೇಕು. ಬೈನಾಕ್ಯುಲರ್‌ನ ಕಣ್ಣಿನ ರಬ್ಬರ್ ಕೆಳಗೆ ಮಡಿಸಿ, ಮೊಣಕೈಗಳನ್ನು ಬಂಡೆಗೋ ಮೊಣಕಾಲಿಗೋ ಊರಿ, ಮೊದಲು ಚಿತ್ರದಲ್ಲಿ ಬೆಳಕಿನ ವೃತ್ತ ಪೂರ್ತಿ ಕಾಣುವಂತೆ ಮಾಡಿಕೊಂಡು, ಆಮೇಲೆ ಪರದೆಯ ಮೇಲೆ ಪ್ರಾಣಿ ಇರುವಲ್ಲಿ ಒತ್ತಿ ಫೋಕಸ್ ಮಾಡಬೇಕು. ಮನೆಯಲ್ಲೇ ಎದುರಿನ ಮರದ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿಕೊಂಡವರಿಗೆ ಬೆಟ್ಟದಲ್ಲಿ ಹತ್ತು ಸೆಕೆಂಡು ಸಾಕು. ಅಭ್ಯಾಸವಿಲ್ಲದವರು ಆ ಹತ್ತು ಸೆಕೆಂಡನ್ನು ಕಪ್ಪು ಪರದೆ ನೋಡುತ್ತಲೇ ಕಳೆಯುತ್ತಾರೆ.

ಫೋಟೊವೋ ವಿಡಿಯೊವೋ? ಮೊದಲು ಎರಡು ಮೂರು ಫೋಟೊ ತೆಗೆದು ತಕ್ಷಣ ವಿಡಿಯೊಗೆ ಹೋಗುವುದು ಒಳ್ಳೆಯದು. ನಡಿಗೆ ಎಂಬುದು ಬಲವಾದ ಗುರುತು. ಬೆಕ್ಕಿನ ಜಾತಿಯವು, ನಾಯಿಯ ಜಾತಿಯವು, ಕರಡಿ, ವುಲ್ವರಿನ್ ಹೆಜ್ಜೆ ಇಡುವ ರೀತಿ ಬೇರೆ ಬೇರೆ, ಮಸುಕು ವಿಡಿಯೊದಲ್ಲೂ ಅದು ತಿಳಿಯುತ್ತದೆ. ಪ್ರಾಣಿ ತಿರುಗುವವರೆಗೆ ಬಿಡದೆ ಚಿತ್ರೀಕರಿಸಿ. ಹಿಮಚಿರತೆ, ಚಿರತೆ, ಲಿಂಕ್ಸ್‌ಗಳನ್ನು ಮಚ್ಚೆಗಳ ವಿನ್ಯಾಸದಿಂದಲೇ ಒಂದೊಂದಾಗಿ ಗುರುತಿಸುತ್ತಾರೆ. ಎಡ ಮಗ್ಗುಲಿನ ವಿನ್ಯಾಸ ಬಲ ಮಗ್ಗುಲಿನಂತಿರುವುದಿಲ್ಲ. ಎರಡೂ ಮಗ್ಗುಲು ಸಿಕ್ಕರೆ ಹಳೆಯ ದಾಖಲೆಗಳೊಂದಿಗೆ ಹೋಲಿಸುವುದು ಸುಲಭ.

ಇನ್ನೊಂದು ಹೊಸ ತೊಡಕು ಇದೆ. ಈಗಿನ ಹಲವು ಫೋನುಗಳು ಅತಿಯಾಗಿ ಹಿಗ್ಗಿಸಿದ ಚಿತ್ರವನ್ನು ತಾವೇ ‘ತಿದ್ದಿ’ ಕೊಡುತ್ತವೆ. ಇಲ್ಲದ ಕೂದಲಿನ ಎಳೆ, ಮಚ್ಚೆಯಂಥ ಗೆರೆಗಳನ್ನು ತಂತ್ರಾಂಶ ಊಹೆಯಿಂದ ತುಂಬಿಬಿಡುತ್ತದೆ. ನೋಡಲು ಚೆನ್ನಾಗಿರುತ್ತದೆ, ಪುರಾವೆಯಾಗಿ ನಿಲ್ಲುವುದಿಲ್ಲ. ಹಿಗ್ಗಿಸದ ಒಂದು ಚಿತ್ರವನ್ನಾದರೂ ತೆಗೆದಿಡಿ. ಬೆಳಕು ಹೆಚ್ಚಿಸುವುದು, ಕತ್ತರಿಸುವುದು, ಮೇಲೆ ಹೆಸರು ಬರೆಯುವುದು ಏನಿದ್ದರೂ ಪ್ರತಿಯ ಮೇಲೆ ಮಾಡಿ. ಮೂಲ ಫೈಲ್ ಮುಟ್ಟಬೇಡಿ.

ಗಾತ್ರದ ಮೋಸ

ತಪ್ಪು ಗುರುತಿಸುವಿಕೆಗೆ ಅತಿ ದೊಡ್ಡ ಕಾರಣ ಗಾತ್ರ. ಬಯಲಿನಲ್ಲಿ ಮರ, ಕಂಬ, ಮನೆ ಇರುತ್ತವೆ, ಕಣ್ಣು ಅವುಗಳ ಜತೆ ಹೋಲಿಸಿ ಅಳೆಯುತ್ತದೆ. ಮರಗಳೇ ಇಲ್ಲದ ಎತ್ತರದ ಇಳಿಜಾರಿನಲ್ಲಿ ಹಾಗೆ ಹೋಲಿಸಲು ಏನೂ ಇಲ್ಲ. ಒಂದು ಕಲ್ಲು ಮುಷ್ಟಿಯಷ್ಟಿದೆಯೋ ಮನೆಯಷ್ಟಿದೆಯೋ ಎಂಬುದೇ ತಿಳಿಯದ ಜಾಗದಲ್ಲಿ ಪ್ರಾಣಿಯ ಗಾತ್ರ ಹೇಗೆ ತಿಳಿದೀತು? ಶುಭ್ರ ಗಾಳಿಯಲ್ಲಿ ದೂರದ್ದು ಹತ್ತಿರ ಕಾಣುತ್ತದೆ, ಮಂಜಿನಲ್ಲಿ ಹತ್ತಿರದ್ದು ದೂರವೂ ದೊಡ್ಡದೂ ಆಗಿ ಕಾಣುತ್ತದೆ. ಮನೆಬೆಕ್ಕು ಚಿರತೆಯಾಗುವುದು ಹೀಗೆ.

ಪ್ರಾಣಿ ಹೋದ ಮೇಲೆ, ಅದು ಖಂಡಿತ ದೂರ ಹೋಗಿದೆ ಮತ್ತು ಅಲ್ಲಿಗೆ ಹೋಗುವುದು ಸುರಕ್ಷಿತ ಎಂದಾದರೆ ಮಾತ್ರ, ಒಬ್ಬರು ಪ್ರಾಣಿ ನಿಂತಿದ್ದ ಜಾಗಕ್ಕೆ ಹೋಗಿ ಅಳತೆ ಗೊತ್ತಿರುವ ಚಾರಣದ ಕೋಲನ್ನು ನೆಟ್ಟಗೆ ಹಿಡಿಯಲಿ. ಇನ್ನೊಬ್ಬರು ಮೊದಲು ನಿಂತ ಜಾಗದಿಂದಲೇ, ಅದೇ ಲೆನ್ಸಿನಲ್ಲಿ, ಅದೇ ಎತ್ತರದಿಂದ ಚಿತ್ರ ತೆಗೆಯಲಿ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಪ್ರಾಣಿಯ ಎತ್ತರ ನೇರವಾಗಿ ಸಿಗುತ್ತದೆ. ಜಾಗ ಸರಿಯಾಗಿರುವುದು ಮುಖ್ಯ. ಪ್ರಾಣಿ 50 ಮೀಟರ್ ದೂರದಲ್ಲಿ ನಿಂತಿತ್ತು, ಕೋಲನ್ನು 5 ಮೀಟರ್ ಈಚೆ ಹಿಡಿದಿರಿ ಎಂದರೆ ಪ್ರಾಣಿಯ ಅಳತೆ ಶೇ 10ರಷ್ಟು ಕಡಿಮೆ ಬರುತ್ತದೆ. ಚಿತ್ರದಲ್ಲಿ ಪ್ರಾಣಿಯ ಪಕ್ಕ ಕಾಣುವ ಕಲ್ಲನ್ನೋ ಪೊದೆಯನ್ನೋ ಗುರುತಾಗಿಟ್ಟುಕೊಂಡು ಅಲ್ಲಿಗೇ ಹೋಗಬೇಕು. ಅಲ್ಲಿಗೆ ಹೋಗುವುದು ಅಪಾಯ ಎನಿಸಿದರೆ ನಿಂತ ಜಾಗವನ್ನು ದಾಖಲಿಸಿ ಹಿಂದಿರುಗಿ. ನಕಾಶೆಯಲ್ಲಿ ದೂರ ಅಳೆದು ಮೇಲಿನ ಪಿಕ್ಸೆಲ್ ಲೆಕ್ಕದಿಂದಲೂ ಅಂದಾಜು ಮಾಡಬಹುದು.

ಬರೆದಿಡಬೇಕಾದ್ದು

ಗುಂಪಿನಲ್ಲಿದ್ದರೆ ಒಬ್ಬರೊಡನೊಬ್ಬರು ಮಾತಾಡುವ ಮೊದಲು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಬರೆಯಬೇಕು. ಒಬ್ಬರು ‘ಬಾಲ ದಪ್ಪಗಿತ್ತಲ್ಲ’ ಎಂದರೆ ಸಾಕು, ಉಳಿದವರ ನೆನಪಿನಲ್ಲೂ ಬಾಲ ದಪ್ಪವಾಗಿಬಿಡುತ್ತದೆ. ನಾಲ್ಕು ಜನ ಬೇರೆ ಬೇರೆಯಾಗಿ ಬರೆದ ನಾಲ್ಕು ಸಾಲು, ಚರ್ಚಿಸಿ ಒಪ್ಪಿ ಬರೆದ ನಾಲ್ಕು ಪುಟಕ್ಕಿಂತ ಉಪಯುಕ್ತ.

ಮೊದಲು ಕಂಡದ್ದನ್ನು ಬರೆಯಿರಿ, ಅದು ಯಾವ ಪ್ರಾಣಿ ಎಂಬ ಊಹೆಯನ್ನು ಆಮೇಲೆ. ‘ಹಿಮಚಿರತೆ ಕಂಡೆ’ ಎಂಬ ವಾಕ್ಯದಿಂದ ಪರಿಶೀಲಿಸುವವರಿಗೆ ಏನೂ ಸಿಗುವುದಿಲ್ಲ. ‘ಬೂದು ಮೈ, ಬಾಲ ಮೈಯಷ್ಟೇ ಉದ್ದ, ತುದಿಯವರೆಗೂ ದಪ್ಪ, ಬಂಡೆಯಿಂದ ಬಂಡೆಗೆ ಹಾರಿತು, ಕಿವಿ ಕಾಣಲಿಲ್ಲ’ ಎಂಬುದರಿಂದ ಬಹಳಷ್ಟು ಸಿಗುತ್ತದೆ. ಕಾಣದೇ ಇದ್ದುದನ್ನೂ ಬರೆಯುವುದು ಮುಖ್ಯ. ಎಷ್ಟು ಹೊತ್ತು ಕಂಡಿತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಬರಿಗಣ್ಣೋ ಬೈನಾಕ್ಯುಲರೋ ಎಂಬುದೂ ಬೇಕು.

ಜಾಗದ ವಿಷಯದಲ್ಲಿ ಆಗುವ ತಪ್ಪು ಒಂದೇ ತೆರನದು: ಫೋನ್ ಕೊಡುವುದು ನೀವು ನಿಂತ ಜಾಗವನ್ನು, ಪ್ರಾಣಿ ಇದ್ದ ಜಾಗವನ್ನಲ್ಲ. ಕಣಿವೆಯ ಆಚೆ ಬದಿಯಲ್ಲಿ ಕಂಡ ಪ್ರಾಣಿ ಹೀಗೆ ಈಚೆ ಬದಿಗೆ ದಾಖಲಾಗುತ್ತದೆ. ನಿಂತ ಜಾಗದ ಅಕ್ಷಾಂಶ, ರೇಖಾಂಶ ಬರೆದು, ಪ್ರಾಣಿ ಯಾವ ದಿಕ್ಕಿಗೆ ಎಷ್ಟು ದೂರದಲ್ಲಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ದಶಾಂಶದ ನಂತರ 5 ಅಂಕಿ ಇದ್ದರೆ ಸುಮಾರು ಒಂದು ಮೀಟರಿನ ನಿಖರತೆ, 3 ಅಂಕಿ ಇದ್ದರೆ ಸುಮಾರು 110 ಮೀಟರ್. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಏಕೆಂದರೆ ಅದು ಮೊಬೈಲ್ ಗೋಪುರದಿಂದಲ್ಲ, ಉಪಗ್ರಹದಿಂದ ಸಂಕೇತ ಪಡೆಯುತ್ತದೆ. ಕಡಿದಾದ ಕಣಿವೆಯಲ್ಲಿ ಆಕಾಶ ಕಿರಿದಾಗಿ ಕಂಡರೆ ತಪ್ಪು ಹೆಚ್ಚುತ್ತದೆ. ಒಂದೆರಡು ನಿಮಿಷ ಕಾದು, ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ.

ಹೆಜ್ಜೆ, ಹಿಕ್ಕೆ, ಕೂದಲು

ಪ್ರಾಣಿ ಹೋದರೂ ಅದರ ಗುರುತು ಉಳಿದಿರುತ್ತದೆ. ಫೋಟೊ ಸಿಗದ ನೋಟಕ್ಕೆ ಇದೇ ಆಧಾರ.

ಹೆಜ್ಜೆಗುರುತಿನ ಚಿತ್ರವನ್ನು ನೇರ ಮೇಲಿನಿಂದ ತೆಗೆಯಬೇಕು. ಓರೆಯಾಗಿ ತೆಗೆದರೆ ಉದ್ದ ಕುಗ್ಗುತ್ತದೆ. ಅಳತೆಪಟ್ಟಿಯನ್ನು ಹೆಜ್ಜೆಯ ಪಕ್ಕದಲ್ಲಿ, ಹೆಜ್ಜೆಯ ತಳದ ಮಟ್ಟಕ್ಕೆ ಆದಷ್ಟು ಸಮನಾಗಿ ಇಡಿ. ನಡುಹಗಲಿನಲ್ಲಿ ಹಿಮದ ಮೇಲಿನ ಹೆಜ್ಜೆ ಚಪ್ಪಟೆಯಾಗಿ ಕಾಣುತ್ತದೆ. ಆಗ ನಿಮ್ಮ ನೆರಳು ಬೀಳಿಸಿ, ಟಾರ್ಚ್‌ನ ಬೆಳಕನ್ನು ಪಕ್ಕದಿಂದ ನೆಲಮಟ್ಟದಲ್ಲಿ ಬಿಟ್ಟರೆ ಅಂಚುಗಳು ಎದ್ದು ಕಾಣುತ್ತವೆ. ಒಂದು ಹೆಜ್ಜೆಯ ಚಿತ್ರ ಸಾಲದು, ಸಾಲಿನಲ್ಲಿ ನಾಲ್ಕೈದು ಹೆಜ್ಜೆ ಒಟ್ಟಿಗೆ ಬರುವ ಚಿತ್ರವೂ ಬೇಕು.

ಬೆಕ್ಕಿನ ಜಾತಿಯ ಹೆಜ್ಜೆ ದುಂಡಗಿರುತ್ತದೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಹಿಂದಿನ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು. ನಾಯಿ, ತೋಳ, ನರಿಗಳದ್ದು ಉದ್ದವಾಗಿ, ಎಡಬಲ ಸಮವಾಗಿ, ಉಗುರಿನೊಂದಿಗೆ ಇರುತ್ತದೆ. ಕರಡಿಗೂ ವುಲ್ವರಿನ್‌ಗೂ ಐದು ಬೆರಳು. ಇಷ್ಟನ್ನೇ ನಂಬಿದರೆ ಮೋಸಹೋಗುವುದುಂಟು. ಜಾರುವ ಇಳಿಜಾರಿನಲ್ಲಿ ಬೆಕ್ಕಿನ ಜಾತಿಯವೂ ಉಗುರು ಊರುತ್ತವೆ, ಪುಡಿ ಹಿಮದಲ್ಲಿ ನಾಯಿಯ ಉಗುರು ಮೂಡುವುದೇ ಇಲ್ಲ.

ಬಿಸಿಲಿಗೆ ಕರಗಿದ ಹಿಮದಲ್ಲಿ ಹೆಜ್ಜೆ ಹಿಗ್ಗುತ್ತದೆ, ಬೆರಳುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕರಡಿ ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧಂಬರ್ಧ ಬಿದ್ದರೆ ಒಂದೇ ಉದ್ದನೆಯ ಮನುಷ್ಯಾಕಾರದ ಪಾದದಂತೆ ಕಾಣುತ್ತದೆ. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮಾಲಯದಲ್ಲಿ ಐಸ್ ಆಕ್ಸ್ (ಹಿಮ ಕಡಿಯುವ ಕೊಡಲಿ) ಪಕ್ಕದಲ್ಲಿಟ್ಟು ತೆಗೆದ ಹೆಜ್ಜೆಯ ಚಿತ್ರ ‘ಯೇತಿ’ ಎಂಬ ಹಿಮಮಾನವನ ಮಾತಿಗೆ ದಶಕಗಳ ಕಾಲ ಜೀವ ಕೊಟ್ಟಿತು. ಅಳತೆಗೆ ವಸ್ತು ಇಟ್ಟದ್ದು ಸರಿಯೇ. ಆದರೆ ಹಿಮ ಎಷ್ಟು ಕರಗಿತ್ತು ಎಂಬುದು ಒಂದು ಹೆಜ್ಜೆಯ ಚಿತ್ರದಿಂದ ತಿಳಿಯುವುದಿಲ್ಲ. 2017ರಲ್ಲಿ ಯೇತಿಯದ್ದು ಎನ್ನಲಾದ ಮೂಳೆ, ಹಲ್ಲು, ಚರ್ಮ, ಕೂದಲು, ಹಿಕ್ಕೆಗಳ 9 ಮಾದರಿಗಳ ಡಿಎನ್‌ಎ ಪರೀಕ್ಷೆ ಪ್ರಕಟವಾಯಿತು. ಎಂಟು ಕರಡಿಗಳದ್ದು, ಒಂದು ನಾಯಿಯದ್ದು.

ಹಿಕ್ಕೆಯ ಮೇಲ್ಮೈಯಲ್ಲಿ ಕರುಳಿನ ಒಳಪದರದ ಜೀವಕೋಶಗಳು ಅಂಟಿರುತ್ತವೆ, ಅವುಗಳಿಂದ ಡಿಎನ್‌ಎ ತೆಗೆಯುತ್ತಾರೆ. ಚಳಿ ಮತ್ತು ಒಣಹವೆಯಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ, ಮಳೆ ಮತ್ತು ಬಿಸಿಲು ಬೇಗ ಹಾಳುಮಾಡುತ್ತವೆ. ಎವರೆಸ್ಟ್ ಸುತ್ತಮುತ್ತ ಪಲ್ಲಾಸ್ ಬೆಕ್ಕು ಎಂಬ ಸಣ್ಣ ಕಾಡುಬೆಕ್ಕು ಇದೆ ಎಂದು ಗೊತ್ತಾದದ್ದು ಹೀಗೆ: 2019ರಲ್ಲಿ 5,110 ಮತ್ತು 5,190 ಮೀಟರ್ ಎತ್ತರದಲ್ಲಿ ಸಂಗ್ರಹಿಸಿದ ಹಿಕ್ಕೆಯಿಂದ. ಕ್ಯಾಲಿಫೋರ್ನಿಯಾದ ಸೊನೋರ ಪಾಸ್ ಬಳಿ 2010ರಲ್ಲಿ ಕ್ಯಾಮೆರಾದ ಮುಂದೆ ಇಟ್ಟಿದ್ದ ಆಮಿಷದ ಚೀಲವನ್ನು ಒಂದು ಪ್ರಾಣಿ ಕಚ್ಚಿತ್ತು. ಆ ಹಲ್ಲಿನ ಗುರುತಿನಲ್ಲಿದ್ದ ಜೊಲ್ಲೇ ಅದು ಸಿಯೆರಾ ನೆವಾಡದ ಕೆಂಪು ನರಿ ಎಂದು ಸಾಬೀತುಮಾಡಿತು. ಆದರೆ ಇವೆಲ್ಲ ಅನುಮತಿ ಪಡೆದವರು ಮಾಡುವ ಕೆಲಸ. ಚಾರಣಿಗರು ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ನಾಯಿ, ನರಿ, ತೋಳಗಳ ಹಿಕ್ಕೆಯಲ್ಲಿ ಮನುಷ್ಯರ ಯಕೃತ್ತಿಗೆ ಹಾನಿ ಮಾಡುವ ಲಾಡಿಹುಳುವಿನ ಮೊಟ್ಟೆಗಳಿರಬಹುದು. ಮೂಳೆ, ಕೊಂಬು, ಚರ್ಮ ಹೊತ್ತು ತರುವುದು ಹಲವು ದೇಶಗಳಲ್ಲಿ ಅಪರಾಧ. ಚಿತ್ರ ತೆಗೆದು, ಜಾಗ ಬರೆದು, ಬೇಗ ತಿಳಿಸಿ.

ಪರಿಚಿತ ಪ್ರಾಣಿಯೇ ಅಪರಿಚಿತವಾಗಿ ಕಂಡಾಗ

‘ಇಂಥದ್ದನ್ನು ಎಲ್ಲೂ ನೋಡಿಲ್ಲ’ ಎಂಬ ವರದಿಗಳ ಹಿಂದೆ ಬಹಳ ಸಲ ರೋಗ ಇರುತ್ತದೆ. ಕಜ್ಜಿಹುಳು ಹತ್ತಿ ಕೂದಲು ಉದುರಿದ ನರಿಯೋ ಕರಡಿಯೋ ಬೇರೊಂದೇ ಪ್ರಾಣಿಯಂತೆ ಕಾಣುತ್ತದೆ: ಕಿವಿ ದೊಡ್ಡದು, ಬಾಲ ಇಲಿಯದ್ದು, ಕಾಲು ಉದ್ದ. ಬಣ್ಣದ ವ್ಯತ್ಯಾಸವೂ ಹಾಗೆಯೇ. ‘ಕಪ್ಪು ಚಿರತೆ’ ಬೇರೆ ಜಾತಿಯಲ್ಲ, ಕಪ್ಪು ವರ್ಣದ್ರವ್ಯ ಹೆಚ್ಚಿರುವ ಸಾಮಾನ್ಯ ಚಿರತೆ. ಓರೆ ಬೆಳಕಿನಲ್ಲಿ ಅದರ ಮೈಮೇಲೂ ಮಚ್ಚೆ ಕಾಣುತ್ತದೆ. ಚಳಿಗಾಲದ ದಟ್ಟ ಕೂದಲಿನಲ್ಲಿ ಪ್ರಾಣಿ ದಪ್ಪಗೆ, ಕೂದಲು ಉದುರುವ ಕಾಲದಲ್ಲಿ ಚಿಂದಿಚಿಂದಿಯಾಗಿ ಕಾಣುತ್ತದೆ. ಹಾಗಾಗಿ ಬಣ್ಣವನ್ನು ಕೊನೆಗೆ ನಂಬಿ. ದೇಹದ ಅನುಪಾತ, ಬಾಲದ ಉದ್ದ, ಕಿವಿಯ ಸ್ಥಾನ, ನಡಿಗೆ ಇವೇ ಮೊದಲು. ಹಿಮಚಿರತೆಯ ಬಾಲ ಹೆಚ್ಚು ಕಡಿಮೆ ಮೈಯಷ್ಟೇ ಉದ್ದ. ಲಿಂಕ್ಸ್‌ನದ್ದು ಕಪ್ಪು ತುದಿಯ ಮೋಟು ಬಾಲ. ಪಲ್ಲಾಸ್ ಬೆಕ್ಕಿನ ಕಿವಿಗಳು ತಲೆಯ ಬದಿಯಲ್ಲಿ ತೀರಾ ಕೆಳಗೆ. ದೂರದಿಂದಲೂ ಈ ಮೂರು ಗುರುತು ಬದಲಾಗುವುದಿಲ್ಲ.

ಪುರಾವೆಯ ಮೂರು ದರ್ಜೆ

ಆಲ್ಪ್ಸ್ ಪರ್ವತಗಳಲ್ಲಿ ಲಿಂಕ್ಸ್‌ಗಳ ಲೆಕ್ಕ ಇಡಲು ಅಲ್ಲಿನ ದೇಶಗಳು ಸೇರಿ ‘ಸ್ಕ್ಯಾಲ್ಪ್’ ಎಂಬ ಮಾನದಂಡ ರೂಪಿಸಿಕೊಂಡಿವೆ. ಅದೇ ಮಾದರಿಯನ್ನು ತೋಳಗಳಿಗೂ ಬಳಸುತ್ತಾರೆ. ಮೊದಲ ದರ್ಜೆ, ಯಾರೂ ಅಲ್ಲಗಳೆಯಲಾಗದ ಪುರಾವೆ: ಸತ್ತ ಪ್ರಾಣಿ, ಸ್ಪಷ್ಟ ಫೋಟೊ, ಡಿಎನ್‌ಎ. ಎರಡನೆಯದು, ತರಬೇತಿ ಪಡೆದವರು ಸ್ಥಳಕ್ಕೆ ಹೋಗಿ ಖಚಿತಪಡಿಸಿದ ಹೆಜ್ಜೆ ಅಥವಾ ಬೇಟೆಯ ಹೆಣ. ಮೂರನೆಯದು, ಪರಿಶೀಲಿಸಲಾಗದ ಎಲ್ಲವೂ. ಕಣ್ಣಾರೆ ಕಂಡ ಮಾತು, ಕೂಗು ಕೇಳಿದ ಮಾತು ಇಲ್ಲಿಗೆ ಬರುತ್ತವೆ.

ನೋಡಿದವರು ಎಷ್ಟೇ ಅನುಭವಿಗಳಾಗಿದ್ದರೂ ಈ ನಿಯಮ ಬದಲಾಗುವುದಿಲ್ಲ, ಬದಲಾಗಬಾರದು ಕೂಡ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿದ್ದ ಪಟ್ಟೆ ಮೈಯ ಪ್ರಾಣಿ ಟಾಸ್ಮೇನಿಯನ್ ಹುಲಿ, ಅಂದರೆ ಥೈಲಸೀನ್. ಗೊತ್ತಿರುವಂತೆ ಅದರಲ್ಲಿ ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು. 1982ರಲ್ಲಿ ವನ್ಯಜೀವಿ ಇಲಾಖೆಯವರೇ ಆದ ಹಾನ್ಸ್ ನಾರ್ಡಿಂಗ್ ರಾತ್ರಿ ಟಾರ್ಚ್ ಬೆಳಕಿನಲ್ಲಿ ಅದನ್ನು ಕಂಡೆ, ಮೈಮೇಲಿನ 12 ಪಟ್ಟೆ ಎಣಿಸಿದೆ ಎಂದು ವರದಿ ಕೊಟ್ಟರು. ಕ್ಯಾಮೆರಾ ಚೀಲ ಕೈಗೆಟುಕುವಲ್ಲಿ ಇರಲಿಲ್ಲ. ಇಲಾಖೆ ಆ ಪ್ರದೇಶವನ್ನು ಬಹುಕಾಲ ಜಾಲಾಡಿತು, ಏನೂ ಸಿಗಲಿಲ್ಲ. ಇಂದಿಗೂ ಅದು ವಿಶ್ವಾಸಾರ್ಹ ವ್ಯಕ್ತಿಯೊಬ್ಬರ ಸಾಕ್ಷ್ಯ, ಆದರೆ ಪ್ರಾಣಿ ಬದುಕಿತ್ತು ಎಂಬುದಕ್ಕೆ ದಾಖಲೆಯಲ್ಲ. ನಿಮ್ಮ ವರದಿಗೆ ‘ಖಚಿತವಾಗಿಲ್ಲ’ ಎಂಬ ಉತ್ತರ ಬಂದರೆ ಅದನ್ನು ಈ ಅರ್ಥದಲ್ಲೇ ಓದಿಕೊಳ್ಳಿ. ನೀವು ಕಂಡಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಮತ್ತೊಬ್ಬರು ಪರೀಕ್ಷಿಸಿ ನೋಡಲು ಏನೂ ಉಳಿದಿಲ್ಲ ಎನ್ನುತ್ತಿದ್ದಾರೆ.

ಜಾಗವನ್ನು ಯಾರಿಗೆ ಹೇಳಬೇಕು?

ಮೊದಲು ಆ ಪ್ರದೇಶದ ಅರಣ್ಯ ಅಥವಾ ವನ್ಯಜೀವಿ ಇಲಾಖೆಗೆ, ಆದಷ್ಟೂ ಅದೇ ದಿನ. ಕಳುಹಿಸುವಾಗ ಮೂಲ ಫೈಲನ್ನೇ ಕಳುಹಿಸಿ. ಸಂದೇಶದ ಆ್ಯಪ್‌ಗಳಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ ಅದು ಕುಗ್ಗುತ್ತದೆ, ಸಮಯ ಮತ್ತು ಜಾಗದ ಮಾಹಿತಿಯೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಉಳಿಯುತ್ತದೆ.

ಸಾರ್ವಜನಿಕವಾಗಿ ಹಂಚುವಾಗ ಇದರ ತದ್ವಿರುದ್ಧ ಮಾಡಬೇಕು. ಚಿತ್ರದೊಳಗಿನ ಜಾಗದ ಮಾಹಿತಿ ತೆಗೆದುಹಾಕಿ. ಹಿನ್ನೆಲೆಯ ಶಿಖರಗಳ ಸಾಲು ಕಂಡರೆ ಗೊತ್ತಿದ್ದವರಿಗೆ ಕಣಿವೆ ಯಾವುದೆಂದು ತಿಳಿದುಬಿಡುತ್ತದೆ, ಅದನ್ನೂ ಕತ್ತರಿಸಿ. ಬೇಟೆಗಾರರ ಭಯ ಒಂದಾದರೆ, ಪ್ರೀತಿಯಿಂದ ಬರುವವರ ಗುಂಪೂ ಕಡಿಮೆ ಹಾನಿ ಮಾಡುವುದಿಲ್ಲ. ಮರಿ ಇರುವ ಗುಹೆಯ ಬಳಿ ಒಂದು ವಾರ ಜನ ಓಡಾಡಿದರೆ ಸಾಕು, ಡ್ರೋನ್ ಹಾರಿಸಿದರಂತೂ ಕೇಳುವುದೇ ಬೇಡ, ತಾಯಿ ಜಾಗ ಬಿಡಬಹುದು. ಜನರು ಕಂಡ ಜೀವಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಳಿವಿನಂಚಿನ ಹಲವು ಪ್ರಾಣಿಗಳ ಜಾಗವನ್ನು ತಾವಾಗಿಯೇ ಮಸುಕಾಗಿಸುತ್ತವೆ. ಅಕ್ಷಾಂಶ, ರೇಖಾಂಶ ಎರಡರಲ್ಲೂ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಬಿಂದುವನ್ನು ತೋರಿಸುತ್ತವೆ. ಭೂಮಧ್ಯರೇಖೆಯ ಬಳಿ ಆ ಚೌಕದ ಬದಿ ಸುಮಾರು 22 ಕಿ.ಮೀ. ನಿಮ್ಮ ಪ್ರಾಣಿ ಆ ಪಟ್ಟಿಯಲ್ಲಿಲ್ಲದಿದ್ದರೆ ‘ಮಸುಕು’ ಆಯ್ಕೆಯನ್ನು ನೀವೇ ಹಾಕಬೇಕು. ಅದೇ ದಿನ, ಅದೇ ದಾರಿಯಲ್ಲಿ ಕಂಡ ಹೂವು, ಹಕ್ಕಿಗಳ ಚಿತ್ರವನ್ನು ನಿಖರ ಜಾಗದೊಂದಿಗೆ ಹಾಕಿದರೆ ಮುಚ್ಚಿಟ್ಟದ್ದೂ ಬಯಲಾಗುತ್ತದೆ.

ಒಂದು ಪ್ರಾಣಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ

ಖಚಿತವಾದ ನೋಟವೂ ಹೇಳುವುದು ಇಷ್ಟೇ: ಆ ದಿನ ಆ ಜಾಗದಲ್ಲಿ ಒಂದು ಪ್ರಾಣಿ ಇತ್ತು. 2008ರಲ್ಲಿ ಕ್ಯಾಲಿಫೋರ್ನಿಯಾದ ತಾಹೋ ರಾಷ್ಟ್ರೀಯ ಅರಣ್ಯದಲ್ಲಿ ಮಾರ್ಟೆನ್ ಎಂಬ ಬೇರೆ ಪ್ರಾಣಿಗಾಗಿ ಇಟ್ಟಿದ್ದ ಕ್ಯಾಮೆರಾದಲ್ಲಿ ವುಲ್ವರಿನ್ ಸಿಕ್ಕಿದಾಗ, ಕಣ್ಮರೆಯಾಗಿದ್ದ ಸಂತತಿ ಉಳಿದುಕೊಂಡಿದೆಯೇ ಎಂಬ ಪ್ರಶ್ನೆ ಎದ್ದಿತು. ಡಿಎನ್‌ಎ ಬೇರೆಯೇ ಕಥೆ ಹೇಳಿತು. ಅದು ಗಂಡು, ನೂರಾರು ಕಿ.ಮೀ. ಆಚೆಯ ರಾಕಿ ಪರ್ವತಗಳ ಸಂತತಿಗೆ ಸೇರಿದ್ದು. 2018ರವರೆಗೂ ಆ ಪ್ರದೇಶದಲ್ಲಿ ಅದೊಂದೇ ಮತ್ತೆ ಮತ್ತೆ ದಾಖಲಾಯಿತು. ಹೆಣ್ಣು ಸಿಗಲಿಲ್ಲ, ಮರಿಗಳಾಗಲಿಲ್ಲ. ಪ್ರಾಯಕ್ಕೆ ಬಂದ ಗಂಡುಗಳು ಹೊಸ ನೆಲೆ ಹುಡುಕಿ ಹೀಗೆ ಬಹುದೂರ ಅಲೆಯುವುದು ಹಲವು ಮಾಂಸಾಹಾರಿಗಳಲ್ಲಿ ಸಾಮಾನ್ಯ. ಆದ್ದರಿಂದ ಹೊಸ ಜಾಗದಲ್ಲಿ ಗಂಡು ಕಂಡರೆ ಅಲೆಮಾರಿ ಇರಬಹುದು ಎಂದುಕೊಳ್ಳುತ್ತಾರೆ. ಮರಿಗಳೊಂದಿಗೆ ಹೆಣ್ಣು ಕಂಡರೆ ಮಾತ್ರ ‘ಇಲ್ಲಿ ನೆಲೆ ಇದೆ’ ಎನ್ನುತ್ತಾರೆ. ನಿಮ್ಮ ಟಿಪ್ಪಣಿಯಲ್ಲಿ ‘ಹಿಂದೆ ಇನ್ನೊಂದು ಚಿಕ್ಕದಿತ್ತು’ ಎಂಬ ಒಂದು ಸಾಲು ಇದ್ದರೆ ಇಡೀ ವರದಿಯ ತೂಕವೇ ಬದಲಾಗುವುದು ಈ ಕಾರಣಕ್ಕೆ.

ವರದಿ ಕೊಟ್ಟ ಮೇಲೆ ಕೆಲವು ದಿನಗಳಲ್ಲಿ ಸಿಬ್ಬಂದಿ ಕರೆ ಮಾಡಿ ಜಾಗ, ದೂರ, ಬೆಳಕಿನ ಬಗ್ಗೆ ಕೇಳಬಹುದು. ಸಾಧ್ಯವಿದ್ದರೆ ಕ್ಯಾಮೆರಾ ಇಡಬಹುದು. ತಿಂಗಳುಗಟ್ಟಲೆ ಏನೂ ಆಗದೆಯೂ ಇರಬಹುದು. ಮೂಲ ಫೈಲ್‌ಗಳನ್ನೂ ಕೈಬರಹದ ಟಿಪ್ಪಣಿಯ ಚಿತ್ರವನ್ನೂ ಒಂದೇ ಫೋಲ್ಡರಿನಲ್ಲಿ, ಫೋನಿನ ಹೊರಗೆ ಇನ್ನೊಂದು ಕಡೆಯೂ ಇಟ್ಟುಕೊಳ್ಳಿ. ಮೂರನೇ ದರ್ಜೆಯಲ್ಲಿ ಉಳಿದ ವರದಿಗಳನ್ನೂ ಎಸೆಯುವುದಿಲ್ಲ, ಕಡತದಲ್ಲಿ ಇಟ್ಟಿರುತ್ತಾರೆ. ವರ್ಷಗಳ ನಂತರ ಪಕ್ಕದ ಕಣಿವೆಯಿಂದ ಮತ್ತೊಂದು ವರದಿ ಬಂದಾಗ ಕ್ಯಾಮೆರಾ ಎಲ್ಲಿ ಇಡಬೇಕೆಂದು ಹಳೆಯವನ್ನೇ ತೆಗೆದು ನೋಡುತ್ತಾರೆ. ಆಗ ಚಿತ್ರದ ಮೂಲ ಪ್ರತಿ ಕೇಳಿ ನಿಮಗೆ ಮತ್ತೆ ಕರೆ ಬರಬಹುದು.